ಹಳೇ ನಿಸ್ಸಾನ್ ಲೀಫ್: ಡ್ಯಾಶ್‌ಬೋರ್ಡ್ ಒಳಗಿನ ಟಿಸಿಯು ಕಳಚುವ ಸರಿಯಾದ ಕ್ರಮ ಯಾವುದು?

ಕೊವೆಂಟ್ರಿ_ಕಬಿನಿ

ಎಲ್ಲರಿಗೂ ನಮಸ್ಕಾರ. ಗಾಡಿ 2014ರ ಲೀಫ್ ಎಲೆಕ್ಟ್ರಿಕ್ ಕಾರು, 24 ಕಿಲೋವ್ಯಾಟ್ ಅವರ್ ಬ್ಯಾಟರಿ, ಬಲಗಡೆ ಸ್ಟೀರಿಂಗ್, ಇಂಗ್ಲೆಂಡಿನದು. 2019ರವರೆಗಿನ ಲೀಫ್ ಮತ್ತು ಇ-ಎನ್‌ವಿ200 ಗಾಡಿಗಳ ಆ್ಯಪ್ ಸೇವೆ ಇಲ್ಲಿ 2024ರ ಏಪ್ರಿಲ್ 1ಕ್ಕೆ ನಿಂತುಹೋಗಿದೆ. ಮೊಬೈಲ್ ಜಾಲದ ಜೊತೆ ಮಾತಾಡಲೆಂದೇ ಇಟ್ಟಿದ್ದ ಟಿಸಿಯು ಪೆಟ್ಟಿಗೆಗೆ ಈಗ ಕೆಲಸವಿಲ್ಲ. ಗಾಡಿ ನಾಲ್ಕು ದಿನ ನಿಂತರೆ 12 ವೋಲ್ಟ್ ಬ್ಯಾಟರಿ ಕೂತುಬಿಡುತ್ತದೆ. ಟಿಸಿಯು ಕಾರಣವಿರಬಹುದು ಎಂಬ ಅನುಮಾನ.

ಕೇಳಬೇಕಾದ್ದು ಇಷ್ಟು. ಅದು ನಿಖರವಾಗಿ ಎಲ್ಲಿದೆ? ತೆಗೆದರೆ ಏನೇನು ನಿಲ್ಲುತ್ತದೆ? ಏರ್‌ಬ್ಯಾಗ್ ಮತ್ತು ಹೈ ವೋಲ್ಟೇಜ್ ವಿಷಯದಲ್ಲಿ ಏನು ಜಾಗ್ರತೆ ಬೇಕು? ವೈರ್ ಕತ್ತರಿಸದೆ, ಬೇಕೆಂದಾಗ ಮತ್ತೆ ಕೂರಿಸುವ ಹಾಗೆ ಕಳಚಬೇಕು.

ಹುಬ್ಬಳ್ಳಿ_ಹಾರ್ನೆಸ್

ಮೊದಲ ಒಂದು ಮಾತು ಹೇಳ್ತೀನಿ ಕೇಳ್ರಿ. ಪೆಟ್ಟಿಗಿಗೆ ಕೈ ಹಚ್ಚೂಕಿಂತ ಮೊದಲ ಕರೆಂಟ್ ಅಳೀರಿ. 12 ವೋಲ್ಟ್ ಬ್ಯಾಟರಿ ಐದಾರು ವರ್ಷ ಹಳೇದಾಗಿದ್ರ ತಪ್ಪು ಅದರದ ಇರ್ತೈತಿ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗ ಆಗಬಾರದು.

ಲೆಕ್ಕ ಸರಳ ಐತಿ. ಎಲ್ಲಾ ಮಾಡ್ಯೂಲ್ (ಗಾಡಿ ಒಳಗಿನ ಸಣ್ಣ ಕಂಪ್ಯೂಟರ್ ಪೆಟ್ಟಿಗಿ) ಮಲಗಿದ ಮ್ಯಾಲೆ ಗಾಡಿ ಎಳಿಯೂ ಕರೆಂಟ್ 50 ಮಿಲಿ ಆಂಪಿಯರ್ ಒಳಗ ಇರಬೇಕು. 30 ಮಿಲಿ ಆಂಪಿಯರ್ ಅಂದ್ರ ದಿನಕ್ಕ 0.72 ಆಂಪಿಯರ್ ಅವರ್. ಎರಡು ವಾರ ನಿಂತ್ರೂ ಹತ್ತು ಆಂಪಿಯರ್ ಅವರ್ ಹೋಗ್ತೈತಿ, ಅಷ್ಟ. ಅದ 250 ಮಿಲಿ ಆಂಪಿಯರ್ ಎಳಿಯಾಕತ್ತಿದ್ರ ದಿನಕ್ಕ 6, ನಾಲ್ಕು ದಿನಕ್ಕ 24. ನಿಮ್ಮ ಬ್ಯಾಟರಿ 45–50 ಆಂಪಿಯರ್ ಅವರ್ ಅಂತ ಹಿಡೀರಿ, ಅರ್ಧ ಖಾಲಿ. ನೀವು ಹೇಳೂ ಲಕ್ಷಣಕ್ಕ ಸರಿಯಾಗಿ ಹೊಂದತೈತಿ. ಆದ್ರೂ ಅಳತಿ ಇಲ್ಲದ ತೀರ್ಮಾನ ಬ್ಯಾಡ.

ಬ್ಯಾಟರಿ ಚೊಲೋ ಐತೋ ಇಲ್ಲೋ ಅನ್ನೂದಕ್ಕ, ರಾತ್ರಿ ನಿಲ್ಲಿಸಿದ ಗಾಡಿಯ ವೋಲ್ಟೇಜ್ ಬೆಳಿಗ್ಗೆ ಬಾಗಿಲಾ ತಗಿಯೂಕಿಂತ ಮೊದಲ ನೋಡ್ರಿ. ಬಾನೆಟ್ ಹಿಂದಿನ ರಾತ್ರೀನ ಸಡಿಲ ಮಾಡಿ ಇಟ್ಟಿರ್ರಿ. 12.6 ಹತ್ರ ಇದ್ರ ತುಂಬೈತಿ. 12.0 ಕೆಳಗ ಇದ್ರ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಲೋಡ್ ಹಾಕಿ ಪರೀಕ್ಷೆ ಮಾಡಿಸಿರಿ. ಆಮ್ಯಾಲೆ ಉಳಿದದ್ದು.

ಹತ್ತನೇ_ಪಾನಾ

ಮೇಲಿನವರು ಹೇಳಿದ ಅಳತೆಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ, ಬಹಳ ಜನ ಇಲ್ಲೇ ಮೀಟರ್ ಸುಟ್ಟುಕೊಳ್ಳುವುದು.

ಮಾಮೂಲಿ ಪೆಟ್ರೋಲ್ ಗಾಡಿಯಲ್ಲಿ ಮಲ್ಟಿಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ, ನೆಗೆಟಿವ್ ಕೇಬಲ್ ಮತ್ತು ಬ್ಯಾಟರಿ ನಡುವೆ ಸೇರಿಸಿ ಗಂಟೆಗಟ್ಟಲೆ ಬಿಟ್ಟರೂ ನಡೆಯುತ್ತದೆ. ಲೀಫ್‌ನಲ್ಲಿ ನಡೆಯುವುದಿಲ್ಲ. ಗಾಡಿ ಆಫ್ ಇದ್ದಾಗಲೂ ದೊಡ್ಡ ಬ್ಯಾಟರಿಯಿಂದ 12 ವೋಲ್ಟ್ ಬ್ಯಾಟರಿಗೆ ತಾನಾಗಿ ಚಾರ್ಜ್ ಮಾಡುವ ಏರ್ಪಾಡು ಅದರಲ್ಲಿದೆ. ನಿಮ್ಮ ಮೀಟರ್ ನಡುವೆ ಇರುವಾಗ ಅದು ಶುರುವಾದರೆ ಉಲ್ಟಾ ದಿಕ್ಕಿನಲ್ಲಿ 10 ಆಂಪಿಯರ್ ಮೀರಿ ಹರಿಯಬಹುದು, ಮೀಟರ್ ಫ್ಯೂಸ್ ಹೋಗುತ್ತದೆ. ಫ್ಯೂಸ್ ಹೋದ ಕ್ಷಣ ಗಾಡಿಗೆ 12 ವೋಲ್ಟ್ ತಪ್ಪುತ್ತದೆ, ಹತ್ತಾರು ದೋಷ ಸಂಕೇತಗಳು ದಾಖಲಾಗುತ್ತವೆ.

ಹಾಗಾಗಿ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ತಗೊಳ್ಳಿ, ಮಿಲಿ ಆಂಪಿಯರ್ ಮಟ್ಟದಲ್ಲಿ ತೋರಿಸುವಂಥದ್ದು. ನೆಗೆಟಿವ್ ಕೇಬಲ್ ಸುತ್ತ ಕ್ಲ್ಯಾಂಪ್ ಹಾಕುವ ಮೊದಲು ಸೊನ್ನೆಗೆ ತನ್ನಿ. ಚಾಲಕನ ಬಾಗಿಲು ತೆರೆದರೆ ಬ್ರೇಕ್ ಯೂನಿಟ್ ಎಚ್ಚರಗೊಳ್ಳುತ್ತದೆ, ಅದರ ಗುಂಯ್ ಸದ್ದು ಕಿವಿಗೇ ಕೇಳಿಸುತ್ತದೆ. ಆದ್ದರಿಂದ ಎಲ್ಲ ಬಾಗಿಲು ಮುಚ್ಚಿ, ಕೀಲಿಯನ್ನು ಮನೆಯೊಳಗೆ ದೂರ ಇಟ್ಟು, ಅರ್ಧ ಗಂಟೆ ಬಿಟ್ಟು ಓದಿ.

ಒಂದೇ ಸಲ ನೋಡಿ ಬರೆದುಕೊಳ್ಳಬೇಡಿ. ಜಾಲ ಹುಡುಕುವ ಮೋಡೆಮ್ ಸದಾ ಒಂದೇ ಸಮನೆ ಕರೆಂಟ್ ಎಳೆಯುವುದಿಲ್ಲ. ಎದ್ದು ಹುಡುಕಿ, ಸಿಗದೆ ಮಲಗಿ, ಮತ್ತೆ ಏಳುತ್ತದೆ. ಮೀಟರಿನಲ್ಲಿ ಕನಿಷ್ಠ-ಗರಿಷ್ಠ ದಾಖಲಿಸುವ ಗುಂಡಿ ಇದ್ದರೆ ಒತ್ತಿಟ್ಟು 20–30 ನಿಮಿಷ ಬಿಡಿ. ಕನಿಷ್ಠ 20, ಗರಿಷ್ಠ 300 ಎಂದು ಪದೇ ಪದೇ ಏರಿಳಿದರೆ ಯಾವುದೋ ಮಾಡ್ಯೂಲ್ ನಿದ್ದೆಗೆ ಹೋಗುತ್ತಿಲ್ಲ. ಟಿಸಿಯು ಕನೆಕ್ಟರ್ ಬಿಚ್ಚಿ ಮತ್ತೆ ಅಳೆದಾಗ ಆ ಏರಿಳಿತ ಮಾಯವಾದರೆ ಮಾತ್ರ ಕಳ್ಳ ಸಿಕ್ಕ ಹಾಗೆ.

ಸನಿವೇಲ್_ಶರಾವತಿ

ಜಾಗದ ಬಗ್ಗೆ: ಎಡಗಡೆ ಸ್ಟೀರಿಂಗ್ ಇರುವ ಅಮೆರಿಕದ ಗಾಡಿಯಲ್ಲಿ ಟಿಸಿಯು ಗ್ಲೌ ಬಾಕ್ಸ್ ಹಿಂದಿದೆ. ಬಲಗಡೆ ಸ್ಟೀರಿಂಗ್ ಗಾಡಿಯಲ್ಲಿ ಚಾಲಕರ ಬಲಗಾಲಿನ ಪಕ್ಕ, ಬಾಗಿಲಿನ ಮುಂದಿನ ಗೋಡೆಯ ಕಡೆಗೆ. ಗೊಂದಲ ಬೇಡ, ಎರಡರಲ್ಲೂ ಅದು ಗಾಡಿಯ ಬಲಬದಿಯೇ. ಜಾಗ ಬದಲಾಗಿದ್ದು ಗ್ಲೌ ಬಾಕ್ಸ್‌ನದು, ಟಿಸಿಯುನದಲ್ಲ.

ಗುರುತು ಹಿಡಿಯಲು ಕನೆಕ್ಟರ್ ನೋಡಿ. ದೊಡ್ಡ ಬಿಳಿ ಕನೆಕ್ಟರ್ ಒಂದು, ಜೊತೆಗೆ ಆಂಟೆನಾದ ತೆಳ್ಳನೆಯ ದುಂಡು ಕೇಬಲ್. ಆಂಟೆನಾ ಕೇಬಲ್ ಬಂದಿರುವ ಪೆಟ್ಟಿಗೆಯೇ ಮೋಡೆಮ್ ಇರುವ ಪೆಟ್ಟಿಗೆ. ಅದೇ ಸುತ್ತಿನಲ್ಲಿ ಬೇರೆ ಮಾಡ್ಯೂಲ್‌ಗಳೂ ಇವೆ. ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯಬೇಡಿ. ಪೆಟ್ಟಿಗೆ ಮೇಲಿನ ಚೀಟಿ ಓದಿ, ಫೋಟೋ ತೆಗೆದು, ಆಮೇಲೆ ಕೈ ಹಾಕಿ.

ಇಲ್ಲಿ ಅಮೆರಿಕದಲ್ಲಿ 2ಜಿ ಟಿಸಿಯುಗಳ ಸೇವೆ 2016ರ ಕೊನೆಗೇ ಹೋಯಿತು, 3ಜಿಗೆ ಬದಲಾಯಿಸಿಕೊಂಡವರದೂ 2022ರ ಫೆಬ್ರವರಿಯಲ್ಲಿ ನಿಂತಿತು. ಅಮೆರಿಕದಲ್ಲಿ ಈ ಕೆಲಸ ಹಳೇ ಗಾಡಿಯವರಿಗೆಲ್ಲ ಪರಿಚಿತ.

ಹತ್ತನೇ_ಪಾನಾ

ಈಗ ಕ್ರಮಕ್ಕೆ ಬರೋಣ. ಪೆಟ್ಟಿಗೆ ಬಿಚ್ಚುವುದು ಸುಲಭ. ಕೆಡುವುದೆಲ್ಲ ಅದಕ್ಕೆ ಮುಂಚೆ, 12 ವೋಲ್ಟ್ ತೆಗೆಯುವ ಹೊತ್ತಿನಲ್ಲಿ. ಅದನ್ನೇ ವಿವರವಾಗಿ ಬರೆಯುತ್ತೇನೆ.

ಬೇಕಾದ ಸಾಮಾನು: 10 ಎಂಎಂ ಪಾನಾ ಮತ್ತು ಸಾಕೆಟ್, 2ನೇ ಅಳತೆಯ ಪ್ಲಸ್ ಸ್ಕ್ರೂಡ್ರೈವರ್, ನೈಲಾನ್ ಟ್ರಿಮ್ ಪಟ್ಟಿ, ತಲೆಗೆ ಕಟ್ಟುವ ಟಾರ್ಚ್, ಬಟ್ಟೆ ಸುತ್ತಿದ ಟೇಪ್, ಆರೇಳು ಬಿಡಿ ಟ್ರಿಮ್ ಕ್ಲಿಪ್.

ಚಾರ್ಜಿಂಗ್ ಗನ್ ತೆಗೆದಿರಬೇಕು. ಚಾರ್ಜ್ ಟೈಮರ್, ಎಸಿ ಟೈಮರ್ ಎರಡನ್ನೂ ರದ್ದು ಮಾಡಿ. ಬಾನೆಟ್ ಮೊದಲೇ ತೆರೆದಿಡಿ. ಗೇರ್ ಪಿಯಲ್ಲಿ ಇರಲಿ, ಪಾರ್ಕಿಂಗ್ ಬ್ರೇಕ್ ಹಾಕಿ. 2011–12ರ ಗಾಡಿಯಲ್ಲಿ ಪಾರ್ಕಿಂಗ್ ಬ್ರೇಕ್ ಕರೆಂಟಿನದು, 12 ವೋಲ್ಟ್ ಹೋದಮೇಲೆ ಹಾಕಲೂ ಆಗದು, ತೆಗೆಯಲೂ ಆಗದು. ಗೇರನ್ನು ಪಿಯಿಂದ ಈಚೆ ತರುವುದೂ ಅಷ್ಟೇ, ಎಲ್ಲ ಮಾದರಿಯಲ್ಲೂ ಆಗದು. ಡಿಕ್ಕಿಯ ಬಾಗಿಲೂ ಕರೆಂಟಿನಿಂದಲೇ ತೆರೆಯುವುದು, ಹತ್ಯಾರು ಅದರೊಳಗೆ ಬಿಟ್ಟು ಮುಚ್ಚಬೇಡಿ.

ಆಮೇಲೆ ಪವರ್ ಸ್ವಿಚ್ ಒಮ್ಮೆ ಆನ್ ಮಾಡಿ ಆಫ್ ಮಾಡಿ. ಇಳಿದು ಎಲ್ಲ ಬಾಗಿಲು ಮುಚ್ಚಿ. ಲಾಕ್ ಮಾಡಬೇಡಿ. ಕೀಲಿ ದೂರ ಇಡಿ. ಚಾರ್ಜಿಂಗ್ ಸೂಚಕ ದೀಪ ಮಿಣುಕುತ್ತಿಲ್ಲ ಎಂದು ಗಾಜಿನಾಚೆಯಿಂದ ನೋಡಿ, ಕನಿಷ್ಠ 5 ನಿಮಿಷ ಕಾಯಿರಿ. ಐದು ನಿಮಿಷದೊಳಗೆ ನೆಗೆಟಿವ್ ತೆಗೆದರೆ, ಇನ್ನೂ ಎಚ್ಚರವಿರುವ ಮಾಡ್ಯೂಲ್‌ಗಳು ಒಂದನ್ನೊಂದು ಕಾಣದೆ ದೋಷ ಬರೆದಿಡುತ್ತವೆ. ಆಫ್ ಮಾಡಿ 60 ನಿಮಿಷ ಮೀರಲೂ ಬಾರದು, ಆಮೇಲೆ ತಾನಾಗಿ ಚಾರ್ಜ್ ಆಗುವ ಕಾರ್ಯ ಶುರುವಾಗಬಹುದು. ನಡುವೆ ಯಾರಾದರೂ ಬಾಗಿಲು ತೆರೆದರೆ ಮತ್ತೆ ಮೊದಲಿನಿಂದ ಮಾಡಿ.

5 ಮತ್ತು 60ರ ನಡುವೆ ನೆಗೆಟಿವ್ ಟರ್ಮಿನಲ್ 10 ಎಂಎಂ ಪಾನಾದಿಂದ ಸಡಿಲಿಸಿ ತೆಗೆದು, ಬಟ್ಟೆ ಸುತ್ತಿ ಪಕ್ಕಕ್ಕೆ ಕಟ್ಟಿ. ಸುಮ್ಮನೆ ಬಗ್ಗಿಸಿಟ್ಟ ಕೇಬಲ್ ತಾನಾಗಿ ಚಿಮ್ಮಿ ಬಂದು ಪೋಸ್ಟ್‌ಗೆ ತಾಗುತ್ತದೆ. ಇಲ್ಲಿಂದ ಇನ್ನೂ 3 ನಿಮಿಷ ಕಾದ ಮೇಲೆ ಒಳಗೆ ಕೈ ಹಾಕಿ. ಏರ್‌ಬ್ಯಾಗ್ ನಿಯಂತ್ರಕದ ಒಳಗೆ ಉಳಿದ ಶಕ್ತಿ ಇಳಿಯಲು ಆ ಹೊತ್ತು ಬೇಕು.

ಆಕ್ಲೆಂಡ್_ಅರಳಿ

ಹೈ ವೋಲ್ಟೇಜ್ ಬಗ್ಗೆ ಯಾರೂ ಹೇಳಲಿಲ್ಲ. ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆಯಬೇಕೇ ಈ ಕೆಲಸಕ್ಕೆ?

ಹತ್ತನೇ_ಪಾನಾ

ಬೇಡ ಮೇಡಂ. ಟಿಸಿಯು 12 ವೋಲ್ಟಿನದು. ತರಬೇತಿ ಇಲ್ಲದವರು, ಸಾವಿರ ವೋಲ್ಟಿನ ಗ್ಲೌಸ್ ಇಲ್ಲದವರು ಸರ್ವಿಸ್ ಪ್ಲಗ್ ಮುಟ್ಟಲೇಬಾರದು. ಸರಣಿಯಲ್ಲಿ 96 ಸೆಲ್ ಜೋಡಿಗಳಿವೆ, ತುಂಬಿದಾಗ ಸುಮಾರು 400 ವೋಲ್ಟ್.

ನೀವು ಕೇಳಿದ್ದು ಒಳ್ಳೇದಾಯಿತು, ಯಾಕೆಂದರೆ ಕ್ಯಾಬಿನ್ ಒಳಗೂ ಕಿತ್ತಳೆ ವೈರ್ ಬರಬಹುದು. 2013ರ ನಂತರದ ಗಾಡಿಗಳಲ್ಲಿ ಗಾಳಿಯನ್ನೇ ನೇರ ಕಾಯಿಸುವ ಪಿಟಿಸಿ ಹೀಟರ್ ಡ್ಯಾಶ್ ಹಿಂದಿನ ಎಸಿ ಪೆಟ್ಟಿಗೆಯಲ್ಲಿ ಕೂತಿದೆ. ಅದಕ್ಕೆ ಬರುವ ಕೇಬಲ್ ಕಿತ್ತಳೆ. ಟಿಸಿಯು ತೆಗೆಯಲು ಅದರ ಹತ್ತಿರವೂ ಹೋಗಬೇಕಿಲ್ಲ. ಕಿತ್ತಳೆ ಬಣ್ಣ ಕಂಡರೆ ನೀವು ದಾರಿ ತಪ್ಪಿದ್ದೀರಿ ಎಂದೇ ಅರ್ಥ, ಕೈ ಹಿಂದಕ್ಕೆ ತನ್ನಿ. ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್‌ದು, ಅದನ್ನೂ ಮುಟ್ಟಬೇಡಿ. ಮೀಟರ್ ಕಡ್ಡಿ ಅಂತೂ ಅದಕ್ಕೆ ಯಾವತ್ತೂ ಹಚ್ಚಬೇಡಿ. ಮೀಟರ್ ಹರಿಸುವ ಸಣ್ಣ ಕರೆಂಟ್ ಕೂಡ ಆ ತಂತಿಗಳಿಗೆ ಅಪಾಯ.

ಸನಿವೇಲ್_ಶರಾವತಿ

ಟ್ರಿಮ್ ಕೆಲಸ ನಾನು ಬರೆಯುತ್ತೇನೆ.

ಬಲಗಡೆ ಸ್ಟೀರಿಂಗ್: ಮೊದಲು ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ. ಹಿಂದಿನ ತುದಿಯಿಂದ ನೇರ ಮೇಲಕ್ಕೆ ಎತ್ತಿ, ಒಂದೊಂದೇ ಕ್ಲಿಪ್ ಟಪ್ ಎಂದು ಬಿಡುತ್ತದೆ. ನಂತರ ಪಾದದ ಪಕ್ಕದ ಮುಚ್ಚಳ. ಅದರ ಮುಂದಿನ ತುದಿಯಲ್ಲಿ ಪ್ಲಾಸ್ಟಿಕ್ ನಟ್ ಇರುತ್ತದೆ, ಬೆರಳಲ್ಲೇ ತಿರುಗಿಸಬಹುದು. ಅದನ್ನು ತೆಗೆಯದೆ ಮುಚ್ಚಳ ಎಳೆದರೆ ಒಳಗಿನ ಗೂಟದ ಬುಡ ಸೀಳುತ್ತದೆ. ಬಾಗಿಲ ರಬ್ಬರ್ ಪಟ್ಟಿಯನ್ನು ಅಷ್ಟು ಭಾಗ ಮಾತ್ರ ಹಿಂದಕ್ಕೆ ಮಡಚಿಕೊಳ್ಳಿ, ಪೂರ್ತಿ ಕೀಳಬೇಡಿ.

ಎಡಗಡೆ ಸ್ಟೀರಿಂಗ್: ಗ್ಲೌ ಬಾಕ್ಸ್ ಕೆಳಗಿನ ಮುಚ್ಚಳ, ಆಮೇಲೆ ಕೆಳಸಾಲಿನ ಸ್ಕ್ರೂಗಳು, ಬಾಗಿಲು ತೆರೆದರೆ ಕಾಣುವ ಮೇಲ್ಸಾಲಿನ ಸ್ಕ್ರೂಗಳು. ಎಲ್ಲ ಬಿಚ್ಚಿದ ಮೇಲೂ ಬಾಕ್ಸ್ ಬರದಿದ್ದರೆ ಬಲ ಹಾಕಬೇಡಿ. ಒಂದು ಸ್ಕ್ರೂ ಉಳಿದಿರುತ್ತದೆ, ಇಲ್ಲವೇ ಒಳಗಿನ ದೀಪದ ವೈರ್ ಹಿಡಿದಿರುತ್ತದೆ. ಎಸಿ ಫಿಲ್ಟರ್ ಬದಲಾಯಿಸುವುದಿದ್ದರೆ ಈಗಲೇ ಮಾಡಿ, ಅದಕ್ಕೂ ಇದೇ ಬಾಕ್ಸ್ ಬಿಚ್ಚಬೇಕು.

ಚಳಿಗಾಲದಲ್ಲಿ ಪ್ಲಾಸ್ಟಿಕ್ ಪೆಡಸಾಗಿರುತ್ತದೆ. 12 ವೋಲ್ಟ್ ತೆಗೆಯುವ ಮುನ್ನ ಹೀಟರ್ ಹತ್ತು ನಿಮಿಷ ಹಾಕಿ, ಒಳಗೆ ಬೆಚ್ಚಗಾದ ಮೇಲೆ ಶುರುಮಾಡಿ. ಕ್ಲಿಪ್ ಮುರಿಯುವುದು ಅರ್ಧಕ್ಕರ್ಧ ಕಡಿಮೆ ಆಗುತ್ತದೆ.

ಪೆಟ್ಟಿಗೆ ಬ್ರಾಕೆಟ್‌ಗೆ ಕೂತಿರುತ್ತದೆ. ಬೋಲ್ಟ್ ತೆಗೆಯುವ ಮೊದಲೇ ಕನೆಕ್ಟರ್ ಬಿಚ್ಚಲು ನೋಡಿ. ಪೆಟ್ಟಿಗೆ ಅಲುಗದಂತೆ ಬ್ರಾಕೆಟ್ ಹಿಡಿದಿರುವಾಗ ಕನೆಕ್ಟರ್ ಸುಲಭವಾಗಿ ಬರುತ್ತದೆ.

ಹುಬ್ಬಳ್ಳಿ_ಹಾರ್ನೆಸ್

ಕನೆಕ್ಟರ್ ಬಿಚ್ಚೂದು ಹೆಂಗ ಅಂತ ಬರೀತೀನಿ. ಹತ್ತು ವರ್ಷ ಕುಂತಿದ್ದು ಅಂದ್ರ ಲಾಕ್ ಗಟ್ಟಿ ಕಚ್ಚಿರ್ತೈತಿ. ಎಲ್ಲಾರೂ ಲಾಕ್ ಒತ್ತಿ ಎಳಿತಾರ, ಬರಂಗಿಲ್ಲ. ಮತ್ತ ಜೋರ್ ಮಾಡ್ತಾರ, ಲಾಕ್ ಮುರೀತೈತಿ.

ಕನೆಕ್ಟರನ್ನ ಮೊದಲ ಒಳಗ ಒತ್ತರಿ, ಇನ್ನೂ ಕೂಡಸಾಕತ್ತೀರಿ ಅನ್ನೂ ಹಂಗ. ಆಗ ಲಾಕಿನ ಹಲ್ಲಿನ ಮ್ಯಾಲಿನ ಭಾರ ಹೋಗ್ತೈತಿ. ಹಂಗ ಒತ್ತಿ ಹಿಡದಾಗ ಹೆಬ್ಬಟ್ಟಿಲೆ ಲಾಕ್ ಅದುಮ್ರಿ. ಅದು ಮೆತ್ತಗ ತಗ್ಗತೈತಿ, ಬಟ್ಟಿಗೆ ಗೊತ್ತಾಗ್ತೈತಿ. ಈಗ ಲಾಕ್ ಬಿಡದನ ಕನೆಕ್ಟರಿನ ಪ್ಲಾಸ್ಟಿಕ್ ಮೈ ಹಿಡದು ಹಿಂದಕ್ಕ ಎಳೀರಿ. ವೈರ್ ಹಿಡದು ಎಳಿಯಬ್ಯಾಡ್ರಿ. ಒಂದ ಕಡೆ ಬಂದು ಇನ್ನೊಂದ ಕಡೆ ಸಿಕ್ಕಿದ್ರ ಎಡಕ್ಕ ಬಲಕ್ಕ ಕೂದಲೆಳಿಯಷ್ಟು ಅಲುಗಿಸಿ ತಗೀರಿ, ಮ್ಯಾಲೆ ಕೆಳಗ ಮಾಡಿದ್ರ ಪಿನ್ ಬಾಗ್ತಾವು.

ಆಂಟೆನಾ ಕೇಬಲ್‌ಗೂ ಸಣ್ಣ ಲಾಕ್ ಐತಿ. ತಿರುವಿ ತಗಿಯೂದಲ್ಲ ಅದು. ತಿರುವಿದ್ರ ಒಳಗಿನ ನಡು ತಂತಿ ತುಂಡಾಗ್ತೈತಿ.

ಎಲ್ಲಾ ಬಿಚ್ಚಿದ ಮ್ಯಾಲೆ ಬಿಳಿ ಕನೆಕ್ಟರ್ ಬಾಯಿಗೆ ಬಟ್ಟೆ ಟೇಪ್ ಸುತ್ತಿ, ಹಳೇ ಹಾರ್ನೆಸ್ (ವೈರಿನ ಕಟ್ಟು) ಜೋಡಿ ಕಟ್ಟರಿ. ಪಿವಿಸಿ ಟೇಪ್ ಬ್ಯಾಡ, ಬ್ಯಾಸಿಗ್ಯಾಗ ಅಂಟು ಕರಗಿ ಪಿನ್ನಿನ ಒಳಗ ಇಳೀತೈತಿ.

ಕೊವೆಂಟ್ರಿ_ಕಬಿನಿ

ಎಲ್ಲರಿಗೂ ಧನ್ಯವಾದ. ಇಷ್ಟೆಲ್ಲ ಬಿಚ್ಚುವ ಬದಲು ಫ್ಯೂಸ್ ಒಂದನ್ನು ತೆಗೆದರೆ ಆಗದೇ? ಮತ್ತೆ, ತೆಗೆದ ಮೇಲೆ ಏನು ನಿಲ್ಲುತ್ತದೆ ಎಂಬುದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಸನಿವೇಲ್_ಶರಾವತಿ

ಫ್ಯೂಸ್ ದಾರಿ ನನಗೆ ಇಷ್ಟವಿಲ್ಲ. ಒಂದೇ ಫ್ಯೂಸಿನ ಹಿಂದೆ ಎರಡು ಮೂರು ಮಾಡ್ಯೂಲ್ ಇರುವುದು ಗಾಡಿಗಳಲ್ಲಿ ಸಾಮಾನ್ಯ. ವರ್ಕ್‌ಶಾಪ್ ಕೈಪಿಡಿಯ ವೈರಿಂಗ್ ಚಿತ್ರ ನೋಡದೆ ಫ್ಯೂಸ್ ಎಳೆದರೆ ಬೇಡದ್ದೂ ಸಾಯುತ್ತದೆ. ಕನೆಕ್ಟರ್ ಬಿಚ್ಚಿದರೆ ಏನು ಬಿಚ್ಚಿದ್ದೀರಿ ಎಂಬುದು ಕಣ್ಣಿಗೆ ಕಾಣುತ್ತದೆ.

ನಿಲ್ಲುವುದು: ಆ್ಯಪ್ ಮೂಲಕ ಎಸಿ ಮತ್ತು ಚಾರ್ಜಿಂಗ್ ನಿಯಂತ್ರಣ, ಕಾರ್‌ವಿಂಗ್ಸ್ ಎಂಬ ನಿಸ್ಸಾನ್ ಆನ್‌ಲೈನ್ ಸೇವೆಯ ಮಾಹಿತಿ. ಸೇವೆಯೇ ನಿಂತಿರುವ ಕಡೆ ಇವು ಈಗಾಗಲೇ ಇಲ್ಲ.

ನಿಲ್ಲದೇ ಇರುವುದು: ಓಡಿಸುವುದು, ಚಾರ್ಜ್ ಆಗುವುದು, ಫಾಸ್ಟ್ ಚಾರ್ಜ್, ಗಾಡಿಯೊಳಗಿನ ಪರದೆಯಿಂದ ಹಾಕುವ ಟೈಮರ್‌ಗಳು, ನಕ್ಷೆ, ರೇಡಿಯೋ.

ಆದರೆ 2013–2016ರ ಗಾಡಿಗಳಲ್ಲಿ ಒಂದು ತೊಡಕಿದೆ. ಬ್ಲೂಟೂತ್ ಕರೆಯ ಮೈಕ್ ವೈರ್ ಟಿಸಿಯು ಮೂಲಕ ಹಾದು ಪರದೆಯ ಯೂನಿಟ್‌ಗೆ ಹೋಗುತ್ತದೆ. ಟಿಸಿಯು ಬಿಚ್ಚಿದರೆ ನಿಮಗೆ ಅವರ ದನಿ ಕೇಳುತ್ತದೆ, ಅವರಿಗೆ ನಿಮ್ಮದು ಕೇಳುವುದಿಲ್ಲ. ಜನ ಮೈಕ್ ಕೆಟ್ಟಿತು ಎಂದು ಛಾವಣಿಯ ದೀಪದ ಹತ್ತಿರ ಬಿಚ್ಚಲು ಹೋಗುತ್ತಾರೆ, ಮೈಕ್ ಸರಿಯಾಗೇ ಇರುತ್ತದೆ.

ಆಕ್ಲೆಂಡ್_ಅರಳಿ

ಮೈಕ್ ದಾರಿಯನ್ನು ಕೂಡಿಸುವುದು ಹೇಗೆ? ಹಾರ್ನೆಸ್ ಕತ್ತರಿಸಬಾರದು ಎಂದು ಮೊದಲೇ ಹೇಳಿದ್ದಾರೆ.

ಹುಬ್ಬಳ್ಳಿ_ಹಾರ್ನೆಸ್

ಕತ್ತರಿಸೂ ಮಾತ ಇಲ್ಲರಿ. ಬಿಳಿ ಕನೆಕ್ಟರಿಗೆ ಎದುರು ಜೋಡಿ ಆಗೂವಂಥ ಒಂದು ಪ್ಲಗ್ ಬೇಕು, ಅದರೊಳಗ ಎರಡು ಸಣ್ಣ ವೈರ್. ಮೈಕ್ ಕಡೆಯಿಂದ ಬರೂ ಸಿಗ್ನಲ್, ಪರದೆ ಕಡೆ ಹೋಗೂ ಸಿಗ್ನಲ್, ಇವೆರಡನ್ನ ಕೂಡಸೂದು. ಹಂಗ ಮೈಕಿನ ಅರ್ಥ್ ಪರದೆಯ ಅರ್ಥಿಗೆ. ಇಷ್ಟ.

ಯಾವ ಪಿನ್ ಯಾವದು ಅನ್ನೂದನ್ನ ನಿಮ್ಮ ವರ್ಷದ ಕೈಪಿಡಿಯ ಎವಿ ವಿಭಾಗದ ಚಿತ್ರದಾಗ ನೋಡ್ರಿ. ಯಾರೋ ಬರದ ನಂಬರ್ ನಂಬಿ ಹಾಕಬ್ಯಾಡ್ರಿ, ಅದ ಕನೆಕ್ಟರಿನ್ಯಾಗ 12 ವೋಲ್ಟ್ ಐತಿ, ಕ್ಯಾನ್ (ಮಾಡ್ಯೂಲ್ ಒಂದಕ್ಕೊಂದು ಮಾತಾಡೂ ಜಾಲ) ವೈರೂ ಅದಾವು. 12 ವೋಲ್ಟ್ ಪಿನ್ನು ಮೈಕ್ ದಾರಿಗೆ ತಾಗಿದ್ರ ಪರದೆಯ ಯೂನಿಟ್ಟ ಹೋಗ್ತೈತಿ. ಪಿನ್ ಗುರುತು ಮಾಡಿದ ಮ್ಯಾಲೂ 12 ವೋಲ್ಟ್ ತಗದಾಗ ಮೈಕ್ ತುದಿಯಿಂದ ಈ ಕನೆಕ್ಟರ್ ತನಕ ವೈರ್ ಒಂದ ಅದೋ ಇಲ್ಲೋ ಅಂತ ಬೀಪ್ ಹಾಕಿ ಖಾತ್ರಿ ಮಾಡ್ಕೋರಿ.

ಮನಿ ವೈರಿಂಗಿನ ದಪ್ಪ ತಂತಿ ಪಿನ್ನಿನೊಳಗ ತುರುಕಬ್ಯಾಡ್ರಿ. ಹೆಣ್ಣು ಟರ್ಮಿನಲ್ ಒಮ್ಮೆ ಅಗಲ ಆತಂದ್ರ ಮುಗೀತು, ಮುಂದ ಟಿಸಿಯು ವಾಪಸ್ ಹಾಕಿದ್ರೂ ಸಂಪರ್ಕ ನಿಲ್ಲಂಗಿಲ್ಲ. ಅದ ಅಳತಿಯ ಟರ್ಮಿನಲ್ ತಂದು ತೆಳ್ಳನ ವೈರಿಗೆ ಕ್ರಿಂಪ್ ಮಾಡ್ರಿ, ಎರಡು ವೈರ್ ಹೆಣೆದು ಗಿಡ್ಡ ಇಡ್ರಿ. ಸಿಗ್ನಲ್ ಅರ್ಥ್ ಅದಲು ಬದಲಾದ್ರ ಆ ಕಡೆಯವರಿಗೆ ಬರೇ ಗುಂಗುಡೂ ಸದ್ದು ಕೇಳ್ತೈತಿ.

ಹತ್ತನೇ_ಪಾನಾ

ಕ್ಯಾನ್ ಮಾತು ಬಂದಿದ್ದಕ್ಕೆ ಒಂದು ಪರೀಕ್ಷೆ. ಯಾವ ಮಾಡ್ಯೂಲ್ ತೆಗೆದರೂ ಇದನ್ನು ಮಾಡಿ, ಎರಡೇ ನಿಮಿಷದ ಕೆಲಸ.

ಕ್ಯಾನ್ ಜಾಲದ ಎರಡು ತುದಿಗಳಲ್ಲಿ 120 ಓಮ್‌ನ ತಲಾ ಒಂದು ರೆಸಿಸ್ಟರ್ ಇರುತ್ತದೆ, ಎರಡೂ ಸಮಾಂತರವಾಗಿ ಸೇರಿ 60 ಓಮ್. ತೆಗೆದ ಮಾಡ್ಯೂಲಿನೊಳಗೇ ಆ ರೆಸಿಸ್ಟರ್ ಇದ್ದರೆ ಜಾಲ ಅರ್ಧ ಕುಂಟುತ್ತದೆ. ಗಾಡಿ ಕೆಲವೊಮ್ಮೆ ಓಡುತ್ತದೆ, ಕೆಲವೊಮ್ಮೆ ಕಾರಣವಿಲ್ಲದೆ ದೀಪ ಹತ್ತಿಸುತ್ತದೆ. ಆದ್ದರಿಂದ 12 ವೋಲ್ಟ್ ತೆಗೆದ ಮೇಲೆ, ಟಿಸಿಯು ಬಿಚ್ಚುವ ಮೊದಲು ಒಮ್ಮೆ, ಬಿಚ್ಚಿದ ನಂತರ ಒಮ್ಮೆ ಅಳೆಯಿರಿ. 2017ರವರೆಗಿನ ಲೀಫ್‌ನಲ್ಲಿ ಓಬಿಡಿ (ದೋಷ ಪರೀಕ್ಷಿಸುವ) ಸಾಕೆಟ್‌ನ 6 ಮತ್ತು 14ನೇ ಪಿನ್ ನಡುವೆ ಕಾರ್ ಕ್ಯಾನ್, 12 ಮತ್ತು 13ರ ನಡುವೆ ಇವಿ ಕ್ಯಾನ್. ಎರಡೂ ಕಡೆ 60ರ ಆಸುಪಾಸು ಬರಬೇಕು, ಮೊದಲೂ ನಂತರವೂ. 120 ಬಂದರೆ ಒಂದು ತುದಿ ಕಡಿದಿದೆ, ಮುಂದುವರಿಯಬೇಡಿ. ಸೊನ್ನೆಗೆ ಹತ್ತಿರ ಬಂದರೆ ಎಲ್ಲೋ ಎರಡು ವೈರ್ ತಾಗಿಕೊಂಡಿವೆ, ನಿಮ್ಮ ಹೊಸ ಮೈಕ್ ಪ್ಲಗ್ ಮೊದಲು ನೋಡಿ. 12 ವೋಲ್ಟ್ ಇರುವಾಗ ಓಮ್ ಅಳೆದರೆ ಸಿಗುವ ಸಂಖ್ಯೆಗೆ ಅರ್ಥವಿಲ್ಲ.

ಶಿರಸಿ_ಸಿಗ್ನಲ್

ತಡವಾಗಿ ಬಂದೆ. ಟಿಸಿಯು ಜಾಗಕ್ಕೆ, ಗಾಡಿಯನ್ನು ದೂರದಿಂದ ನೋಡಿ ನಿಯಂತ್ರಿಸುವ ಓವಿಎಂಎಸ್ ಎಂಬ ಪೆಟ್ಟಿಗೆ ಹಾಕಿಕೊಳ್ಳಬಹುದು. ಇದು ತೆರೆದ ಮೂಲದ ಯೋಜನೆ, ಈಗಿನ 3ನೇ ಆವೃತ್ತಿ ಇಎಸ್‌ಪಿ32 ಚಿಪ್ ಮೇಲೆ ನಡೆಯುತ್ತದೆ. ಓಬಿಡಿಗೆ ಲೀಫ್ ಕೇಬಲ್ ಮೂಲಕ ಕೂರುತ್ತದೆ, ಸಿಮ್ ನಮ್ಮದೇ. ದೂರದಿಂದ ಎಸಿ ಹಾಕುವುದು ಮತ್ತೆ ಬರುತ್ತದೆ.

2013–2016ರ ಗಾಡಿಯಲ್ಲಿ ಇದಕ್ಕೆ ಟಿಸಿಯು ಬಿಚ್ಚಲೇಬೇಕು, ಕಾರಣ ಹೀಗಿದೆ. ಎಸಿ ಹಾಕು ಎಂಬ ಆದೇಶ ಕ್ಯಾನ್ ಜಾಲದ ಮೇಲೆ ಹೆಕ್ಸ್ 56ಇ ಎಂಬ ಗುರುತಿನಲ್ಲಿ ಹೋಗುತ್ತದೆ. ಟಿಸಿಯು ಅದೇ ಗುರುತಿನಲ್ಲಿ ‘ಏನೂ ಬೇಡ’ ಎಂದು ಕಳಿಸುತ್ತಲೇ ಇರುತ್ತದೆ. ಒಂದೇ ಹೆಸರಿನಲ್ಲಿ ಇಬ್ಬರು ಮಾತಾಡಿದರೆ ಗಾಡಿ ಯಾರ ಮಾತು ಕೇಳಬೇಕು? ಓವಿಎಂಎಸ್ ಹಾಕಿಯೂ ಎಸಿ ಶುರುವಾಗಿ ಕ್ಷಣದಲ್ಲಿ ನಿಲ್ಲುತ್ತಿದ್ದರೆ ಮೊದಲು ಟಿಸಿಯು ಬಿಚ್ಚಿದೆಯೇ ನೋಡಿ. 2011–12ರ ಗಾಡಿಗಳಲ್ಲಿ ಗಾಡಿಯನ್ನು ಎಬ್ಬಿಸಲು ಟಿಸಿಯುನಿಂದ ಪ್ರತ್ಯೇಕ ವೈರ್ ಇದೆ, ಆ ವೈರನ್ನು ಓವಿಎಂಎಸ್‌ಗೆ ತರಬೇಕು.

ಓವಿಎಂಎಸ್ ಕೂಡ ಸದಾ ಎಚ್ಚರವಿರುವ ಮೋಡೆಮ್ ಎಂಬುದು ನೆನಪಿರಲಿ. 12 ವೋಲ್ಟ್ ಉಳಿಸಲೆಂದು ಟಿಸಿಯು ತೆಗೆಯುವವರು ಇದನ್ನು ಹಾಕಿದ ಮೇಲೆ ಮತ್ತೊಮ್ಮೆ ಕರೆಂಟ್ ಅಳೆಯಬೇಕು.

ಭದ್ರತೆಯ ದೃಷ್ಟಿಯಿಂದ ತೆಗೆಯುವವರಿಗೂ ಕಾರಣವಿದೆ. 2016ರ ಫೆಬ್ರವರಿಯಲ್ಲಿ ಭದ್ರತಾ ಸಂಶೋಧಕ ಟ್ರಾಯ್ ಹಂಟ್ ತೋರಿಸಿದ್ದು ಇದೇ ಲೀಫ್ ಆ್ಯಪ್‌ನ ದೋಷ. ಗಾಡಿಯ ವಿನ್ (ಗುರುತಿನ) ಸಂಖ್ಯೆ ಗೊತ್ತಿದ್ದರೆ ಸಾಕು, ಬೇರೆ ಯಾವ ಗುರುತೂ ಕೇಳದೆ ಎಸಿ ಹಾಕಬಹುದಿತ್ತು, ಪ್ರಯಾಣದ ವಿವರ ನೋಡಬಹುದಿತ್ತು. ಆಮೇಲೆ ಆ ಸೇವೆಯನ್ನು ನಿಲ್ಲಿಸಿ ಸರಿಪಡಿಸಿದರು.

ಸನಿವೇಲ್_ಶರಾವತಿ

ಒಂದು ಗೆರೆ ಎಳೆಯಬೇಕು ಇಲ್ಲಿ. ಇದನ್ನು ಓದಿ ಯಾರೂ ಹೊಸ ಗಾಡಿಗಳಲ್ಲಿ ಮಾಡಲು ಹೋಗಬೇಡಿ. ಯುರೋಪಿನಲ್ಲಿ 2018ರ ಮಾರ್ಚ್ 31ರಿಂದ ಹೊಸದಾಗಿ ಅನುಮೋದನೆ ಪಡೆಯುವ ಮಾದರಿಗಳಿಗೆ ಇ-ಕಾಲ್ (ತುರ್ತು ಕರೆಯ ಏರ್ಪಾಡು) ಕಡ್ಡಾಯ. ಛಾವಣಿಯಲ್ಲಿ ಎಸ್‌ಓಎಸ್ ಗುಂಡಿ ಇರುವ ಗಾಡಿಯಲ್ಲಿ ಟಿಸಿಯು ತೆಗೆದರೆ ಅಪಘಾತದಲ್ಲಿ ತಾನಾಗಿ ಹೋಗಬೇಕಾದ ಕರೆ ಹೋಗುವುದಿಲ್ಲ. ಅದು ಜೀವದ ಪ್ರಶ್ನೆ. ಜೊತೆಗೆ 40 ಕಿಲೋವ್ಯಾಟ್ ಅವರ್ ಲೀಫ್‌ನಿಂದ ಮುಂದೆ ಓಬಿಡಿಯ ಹಿಂದೆ ಗೇಟ್‌ವೇ (ಒಳ ಜಾಲವನ್ನು ಮರೆಮಾಡುವ ನಡುವಿನ ಪೆಟ್ಟಿಗೆ) ಬಂದಿದೆ, ಮೇಲಿನ ಪಿನ್ ಅಳತೆ ಅಲ್ಲಿಗೆ ಅನ್ವಯಿಸದು.

ಕೊವೆಂಟ್ರಿ_ಕಬಿನಿ

ಕೆಲಸ ಮುಗಿಯಿತು. ಅಳತೆಗಳು: ಮೊದಲು ಕನಿಷ್ಠ 22, ಗರಿಷ್ಠ 240 ಮಿಲಿ ಆಂಪಿಯರ್, ಕೆಲವು ನಿಮಿಷಕ್ಕೊಮ್ಮೆ ಏರಿಳಿತ. ಟಿಸಿಯು ಬಿಚ್ಚಿದ ಮೇಲೆ 19ರಿಂದ 24ರ ನಡುವೆ ಸ್ಥಿರ. ಎರಡೂ ಕ್ಯಾನ್ ಮೊದಲೂ ನಂತರವೂ 60 ಓಮ್. ಪಾದದ ಪಕ್ಕದ ಮುಚ್ಚಳದ ಎರಡು ಕ್ಲಿಪ್ ಮುರಿದವು. ಮತ್ತೆ 12 ವೋಲ್ಟ್ ಕೊಟ್ಟಾಗ ಕಿಟಕಿ ಒಂದೇ ಒತ್ತಿಗೆ ಪೂರ್ತಿ ಏರುತ್ತಿಲ್ಲ, ಮತ್ತು ದೋಷ ಸಂಕೇತ ಓದುವ ಲೀಫ್‌ಸ್ಪೈ ಆ್ಯಪ್‌ನಲ್ಲಿ ಟಿಸಿಯು ಸಂಪರ್ಕದ ದೋಷ ತೋರಿಸುತ್ತಿದೆ. ಚಿಂತೆ ಪಡಬೇಕೇ?

ಹತ್ತನೇ_ಪಾನಾ

ಬೇಡ ಸರ್. ಕಿಟಕಿ ನೆನಪು 12 ವೋಲ್ಟ್ ಹೋದಾಗ ಅಳಿಯುತ್ತದೆ. ಗ್ಲಾಸ್ ಪೂರ್ತಿ ಇಳಿಸಿ, ಸ್ವಿಚ್ ಮೇಲಕ್ಕೆ ಎಳೆದು ಹಿಡಿದು, ಗ್ಲಾಸ್ ಮುಚ್ಚಿದ ನಂತರವೂ ಕೆಲವು ಸೆಕೆಂಡ್ ಬಿಡದೆ ಹಿಡಿಯಿರಿ, ಮತ್ತೆ ಕಲಿತುಕೊಳ್ಳುತ್ತದೆ. ದೋಷ ಸಂಕೇತಗಳನ್ನು ಒಮ್ಮೆ ಬರೆದಿಟ್ಟುಕೊಂಡು ಅಳಿಸಿ. ಟಿಸಿಯು ಸಂಪರ್ಕದ್ದು ಮತ್ತೆ ಬರುತ್ತದೆ, ಪೆಟ್ಟಿಗೆಯೇ ಇಲ್ಲವಲ್ಲ, ಅದು ಸಹಜ. ಬ್ರೇಕ್, ಸ್ಟೀರಿಂಗ್ ಅಥವಾ ಬ್ಯಾಟರಿಯ ಹೆಸರಿನಲ್ಲಿ ಯಾವುದಾದರೂ ಮರಳಿ ಬಂದರೆ ಮಾತ್ರ ಇಲ್ಲಿ ಬರೆಯಿರಿ.

ಟರ್ಮಿನಲ್ ನಟ್ 5 ನ್ಯೂಟನ್ ಮೀಟರ್ ಸುತ್ತಮುತ್ತ ಸಾಕು, ಸೀಸದ ಪೋಸ್ಟ್ ಮೆತ್ತಗಿರುತ್ತದೆ. ಗಾಡಿ ರೆಡಿ ಮಾಡಿ ಟರ್ಮಿನಲ್‌ನಲ್ಲಿ ವೋಲ್ಟೇಜ್ ನೋಡಿ, 13ಕ್ಕೆ ಮೇಲೆ ಇರಬೇಕು. 13ರಲ್ಲೇ ನಿಂತಿದ್ದರೆ ವೈಪರ್ ಹಾಕಿ ನೋಡಿ, 14 ದಾಟುತ್ತದೆ. ಚಾರ್ಜ್ ಮಾಡುವ ಕಡೆ ಸರಿಯಿದೆ ಎಂದು ಅದರಿಂದಲೇ ಗೊತ್ತಾಗುತ್ತದೆ.

ಆಕ್ಲೆಂಡ್_ಅರಳಿ

ಕೊನೆಯ ಪ್ರಶ್ನೆ. ಜಪಾನಿನಿಂದ ಬಂದ ಹಳೇ ಲೀಫ್‌ಗಳಿಗೂ ಇದೇ ಕ್ರಮವೇ? ತೆಗೆದ ಪೆಟ್ಟಿಗೆಯನ್ನು ಏನು ಮಾಡಬೇಕು?

ಸನಿವೇಲ್_ಶರಾವತಿ

ಬಲಗಡೆ ಸ್ಟೀರಿಂಗ್ ಆದ್ದರಿಂದ ಜಾಗ, ಕ್ರಮ ಅದೇ. ಜಪಾನಿನ ಸಿಮ್ ಇರುವ ಪೆಟ್ಟಿಗೆ ನ್ಯೂಜಿಲೆಂಡ್‌ನಲ್ಲಿ ಮೊದಲ ದಿನದಿಂದಲೂ ಸುಮ್ಮನೆ ಕೂತಿದೆ, ಹಾಗಾಗಿ ಕಳೆದುಕೊಳ್ಳುವುದು ಇನ್ನೂ ಕಡಿಮೆ. ಬಿಚ್ಚುವ ಮುನ್ನ ಕರೆಂಟ್ ಅಳೆಯುವುದನ್ನು ಮಾತ್ರ ಬಿಡಬೇಡಿ.

ಪೆಟ್ಟಿಗೆಯನ್ನು ಎಸೆಯಬೇಡಿ. ಗಾಡಿಯ ವಿನ್ ಸಂಖ್ಯೆಯ ಕೊನೆಯ ಆರು ಅಂಕಿ ಮತ್ತು ತೆಗೆದ ದಿನಾಂಕ ಬರೆದು, ರಟ್ಟಿನ ಡಬ್ಬಿಯಲ್ಲಿ ಬೆಚ್ಚಗಿನ ಒಣ ಜಾಗದಲ್ಲಿಡಿ. ಗಾಡಿ ಮಾರುವಾಗ ಜೊತೆಗೇ ಕೊಡಿ, ಮೈಕ್ ಪ್ಲಗ್ ಎಲ್ಲಿದೆ ಎಂಬ ಚೀಟಿಯನ್ನೂ. ಬ್ರಾಕೆಟ್ ಬೋಲ್ಟ್‌ಗಳನ್ನು ಡಬ್ಬಿಗೆ ಹಾಕದೆ ಬ್ರಾಕೆಟ್‌ಗೇ ಮತ್ತೆ ತಿರುಗಿಸಿಡಿ. ಸಡಿಲ ಬಿಟ್ಟ ಆಂಟೆನಾ ಕೇಬಲ್ ತುದಿಗೆ ಸ್ಪಾಂಜ್ ಸುತ್ತಿ ಹಾರ್ನೆಸ್‌ಗೆ ಕಟ್ಟಿ, ಇಲ್ಲದಿದ್ದರೆ ಉಬ್ಬುತಗ್ಗಿನ ರಸ್ತೆಯಲ್ಲಿ ಬಲಗಾಲಿನ ಪಕ್ಕ ಟಕಟಕ ಸದ್ದು ಬರುತ್ತದೆ.